ಅಂಕಪಟ್ಟಿಗೆ ಸಿಗದ ಗೆಲುವು: ಕ್ಯಾಲ್ವಿನ್ ಜೋನ್ಸ್ ಎಂಬ ಕಾವಲುಗಾರನ ಬದುಕು

ಡನ್‌ಡಾಕ್ ಪಟ್ಟಣವು ಡಬ್ಲಿನ್ ಮತ್ತು ಬೆಲ್‌ಫಾಸ್ಟ್ ನಗರಗಳ ನಡುವೆ, ಐರಿಷ್ ಸಮುದ್ರದ ದಡದಲ್ಲಿದೆ. ವಲಸೆಯೆಂಬುದು ಈ ಸೀಮೆಗೆ ಹೊಸತಲ್ಲ. ಇಲ್ಲಿಗೆ ಸಮೀಪದ ಕಾರ್ಲಿಂಗ್‌ಫರ್ಡ್‌ನಲ್ಲಿ 1825ರಲ್ಲಿ ಜನಿಸಿದ ಥಾಮಸ್ ಡಾರ್ಸಿ ಮೆಗೀ ಕೆನಡಾಕ್ಕೆ ಹೋಗಿ ನೆಲೆಸಿ, ಆ ದೇಶದ ಒಕ್ಕೂಟವನ್ನು ಕಟ್ಟಿದ ಪಿತಾಮಹರಲ್ಲಿ ಒಬ್ಬರೆನಿಸಿದರು. ಇಂದು ಐರ್ಲೆಂಡಿನ ಆಸ್ಪತ್ರೆಗಳಲ್ಲಿ ದುಡಿಯುವ ನಮ್ಮ ನಾಡಿನ ವೈದ್ಯರೂ ದಾದಿಯರೂ ಕೆಲವು ವರ್ಷಗಳ ಬಳಿಕ ಅದೇ ಕೆನಡಾದತ್ತ ಮುಖಮಾಡುವುದುಂಟು. ಹಾಗೆ ಹೋದವರ ಮಕ್ಕಳು ಶಾಲೆಯಲ್ಲಿ ಫುಟ್‌ಬಾಲ್ ಆಡುತ್ತೇವೆ ಎಂದರೆ ಊರಿನಲ್ಲಿರುವ ಅಜ್ಜ ಅಜ್ಜಿಯರಿಗೆ ಕಾಲಿನಿಂದ ಒದೆಯುವ ಚೆಂಡೇ ನೆನಪಾಗುತ್ತದೆ. ಆದರೆ ಅಲ್ಲಿನ ಫುಟ್‌ಬಾಲ್ ಬೇರೆಯದು. ತಲೆಗೆ ಶಿರಸ್ತ್ರಾಣ, ಹೆಗಲಿಗೆ ಕವಚ ತೊಟ್ಟು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಆಟವದು.

ಆ ಆಟದ ಒಬ್ಬ ಆಟಗಾರನ ಬದುಕನ್ನು ಇಂದು ಹೇಳಬೇಕೆನಿಸಿದೆ. ಆತ ಕೆನಡಾದಲ್ಲಿ ಆಡಿದ್ದು ಒಂದೇ ಋತು. ಬದುಕಿದ್ದು 23 ವರ್ಷ. ಆತ ಮಾಡುತ್ತಿದ್ದ ಕೆಲಸಕ್ಕೆ ಅಂದಿನ ಅಂಕಪಟ್ಟಿಯಲ್ಲಿ ಒಂದು ಕಾಲಮ್ಮೂ ಇರಲಿಲ್ಲ. ಹಾಗಿದ್ದೂ ಆತನ ಹೆಸರು ಇಂದಿಗೂ ಉಳಿದಿದೆ. ಅಳತೆಗೆ ಸಿಗದ ದುಡಿಮೆಗೆ ಬೆಲೆ ಕಟ್ಟುವುದು ಹೇಗೆ ಎಂಬ ಪ್ರಶ್ನೆ ಪರದೇಶದಲ್ಲಿ ದುಡಿಯುವ ಪ್ರತಿಯೊಬ್ಬರದೂ ಆಗಿರುವುದರಿಂದ, ಕ್ಯಾಲ್ವಿನ್ ಜೋನ್ಸ್ ಎಂಬ ಆ ಯುವಕನ ಕಥೆ ನಮ್ಮವರಿಗೂ ಸಲ್ಲುತ್ತದೆ.

ಮೊದಲು ಆಟದ ಸ್ವರೂಪವನ್ನು ತಿಳಿಯೋಣ. ಕೆನಡಾದ ಆಟದಲ್ಲಿ ಒಂದೊಂದು ತಂಡಕ್ಕೆ 12 ಮಂದಿ. ಮೈದಾನದ ಉದ್ದ 110 ಗಜ, ಅಗಲ 65 ಗಜ. ಚೆಂಡು ಹೊಂದಿರುವ ತಂಡವು 3 ಯತ್ನಗಳೊಳಗೆ 10 ಗಜ ಮುಂದೆ ಸಾಗಬೇಕು. ಅಮೆರಿಕದ ಆಟದಲ್ಲಾದರೆ 4 ಯತ್ನಗಳಿಗೆ ಅವಕಾಶವಿದೆ. ಒಂದು ಯತ್ನ ಕಡಿಮೆಯಿರುವುದರಿಂದ ಕೆನಡಾದಲ್ಲಿ ಚೆಂಡನ್ನು ದೂರಕ್ಕೆ ಎಸೆಯುವ ಆಟಕ್ಕೆ ಪ್ರಾಶಸ್ತ್ಯ ಹೆಚ್ಚು. ಹಾಗೆ ಎಸೆಯುವವನೇ ಕ್ವಾರ್ಟರ್‌ಬ್ಯಾಕ್, ತಂಡದ ಸೂತ್ರಧಾರ. ಎಲ್ಲರ ಕಣ್ಣೂ, ಎಲ್ಲ ಕ್ಯಾಮೆರಾಗಳೂ ಆತನ ಮೇಲೆ.

ಆತನ ಮುಂದೆ ನಿಲ್ಲುವವರು ಐವರು. ನಡುವೆ ಸೆಂಟರ್, ಆತನ ಎಡಬಲಕ್ಕೆ ಇಬ್ಬರು ಗಾರ್ಡ್‌ಗಳು, ಅವರಾಚೆ ಇಬ್ಬರು ಟ್ಯಾಕಲ್‌ಗಳು. ಎದುರಾಳಿಗಳು ನುಗ್ಗಿ ಬಂದು ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವದಂತೆ ತಮ್ಮ ಮೈಯನ್ನೇ ಗೋಡೆಯಾಗಿಸಿ ಎರಡು ಮೂರು ಸೆಕೆಂಡು ತಡೆಯುವುದು ಇವರ ಕರ್ತವ್ಯ. ಕೆನಡಾದಲ್ಲಿ ಎದುರಾಳಿ ಸಾಲು ಚೆಂಡಿನಿಂದ ಒಂದು ಗಜ ಹಿಂದೆ ನಿಲ್ಲಬೇಕೆಂಬ ನಿಯಮವಿದೆ. ಹಾಗಾಗಿ ನುಗ್ಗುವವನು ಒಂದು ಹೆಜ್ಜೆಯ ವೇಗವನ್ನು ಕೂಡಿಸಿಕೊಂಡೇ ಬಂದು ಅಪ್ಪಳಿಸುತ್ತಾನೆ; ತಡೆಯುವವನು ನಿಂತ ನಿಲುವಿನಲ್ಲೇ ಆ ಹೊಡೆತವನ್ನು ತಾಳಬೇಕು. ನಮ್ಮೂರ ಜಾತ್ರೆಯಲ್ಲಿ ತೇರಿನ ಗಾಲಿಗೆ ಸನ್ನೆ ಕೊಡುವವರನ್ನು ನೆನೆಯಿರಿ. ನೆರೆದವರು ಕೈಮುಗಿಯುವುದು ಮೇಲಿರುವ ಉತ್ಸವಮೂರ್ತಿಗೆ. ಗಾಲಿಯ ಬಳಿ ಬಾಗಿ ನಿಂತವರ ಹೆಸರು ಯಾರಿಗೂ ಬೇಡ. ತೇರು ವಾಲಿದ ದಿನ ಮಾತ್ರ ಎಲ್ಲರೂ ಅವರತ್ತ ತಿರುಗುತ್ತಾರೆ.

ಕ್ಯಾಲ್ವಿನ್ ಜೋನ್ಸ್ ಅಂತಹ ಒಬ್ಬ ಗಾರ್ಡ್. 1933ರ ಫೆಬ್ರವರಿ 2ರಂದು ಅಮೆರಿಕದ ಒಹಾಯೊ ರಾಜ್ಯದ ಸ್ಟೂಬೆನ್‌ವಿಲ್‌ನಲ್ಲಿ ಆತ ಜನಿಸಿದ. ಒಹಾಯೊ ನದಿಯ ದಡದ ಆ ಪಟ್ಟಣ ಉಕ್ಕಿನ ಕಾರ್ಖಾನೆಗಳ ನೆಲೆ. ಕಪ್ಪು ಜನಾಂಗದ ಹುಡುಗನೊಬ್ಬನಿಗೆ ಅಂದು ಕಾಲೇಜು ಶಿಕ್ಷಣದ ಬಾಗಿಲು ತೆರೆಯುತ್ತಿದ್ದ ಕೆಲವೇ ದಾರಿಗಳಲ್ಲಿ ಆಟವೂ ಒಂದು. ಜೋನ್ಸ್ ಶಾಲಾ ದಿನಗಳಲ್ಲೇ ಹೆಸರು ಮಾಡಿದ. ತನ್ನದೇ ರಾಜ್ಯದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಆತ ಸೇರುವುದು ಬಹುತೇಕ ನಿಶ್ಚಯವಾಗಿತ್ತು.

ಆದರೆ 1952ರಲ್ಲಿ ಆತನ ಸಹಪಾಠಿಗಳಾದ ಎಡ್ಡಿ ವಿನ್ಸೆಂಟ್ ಮತ್ತು ಫ್ರ್ಯಾಂಕ್ ಗಿಲಿಯಮ್ ಐಯೋವಾ ವಿಶ್ವವಿದ್ಯಾಲಯಕ್ಕೆ ಹೊರಟರು. ಬೀಳ್ಕೊಡಲು ಬಂದ ಜೋನ್ಸ್ ಮನಸ್ಸು ಬದಲಿಸಿ, ಅವರೊಡನೆ ತಾನೂ ಕಾರು ಹತ್ತಿ ಹೊರಟುಬಿಟ್ಟನೆಂಬುದು ಆ ಆಟದ ಚರಿತ್ರೆಯಲ್ಲಿ ಮತ್ತೆ ಮತ್ತೆ ಹೇಳಲ್ಪಡುವ ಸಂಗತಿ. ಮೂವರೂ ಮುಂದೆ ಸ್ಟೂಬೆನ್‌ವಿಲ್ ತ್ರಿಮೂರ್ತಿಗಳೆಂದೇ ಹೆಸರಾದರು. ಪ್ರಸಿದ್ಧ ಆಟಗಾರನೊಬ್ಬ ಕೊನೆಯ ಗಳಿಗೆಯಲ್ಲಿ ಕಾಲೇಜು ಬದಲಿಸಿದ್ದು ಅನುಮಾನಕ್ಕೆ ಎಡೆಮಾಡಿತು. ಕಾಲೇಜು ಒಕ್ಕೂಟದ ಆಯುಕ್ತರು ಕರೆದು ವಿಚಾರಿಸಿದಾಗ, ಇಲ್ಲಿ ತನ್ನನ್ನು ಬಿಳಿಯ ವಿದ್ಯಾರ್ಥಿಗಳಿಗೆ ಸಮನಾಗಿ ನಡೆಸಿಕೊಳ್ಳುತ್ತಾರೆ, ಆದ್ದರಿಂದ ಇಲ್ಲೇ ಉಳಿಯುವೆನೆಂದು ಆತ ಉತ್ತರಿಸಿದನಂತೆ. ಊರು ಬಿಟ್ಟವರಲ್ಲಿ ಹಲವರು ಸಂಬಳವನ್ನೇ ಕಾರಣವಾಗಿ ಹೇಳುತ್ತಾರೆ. ಅದರ ಹಿಂದೆ ಮರ್ಯಾದೆಯ ಹಂಬಲವೂ ಇರುತ್ತದೆ ಎಂಬುದನ್ನು ಆ ಹತ್ತೊಂಬತ್ತರ ಹುಡುಗ ಮುಚ್ಚಿಡಲಿಲ್ಲ.

ಅಂದು ಐಯೋವಾ ತಂಡ ದುರ್ಬಲವಾಗಿತ್ತು. ಫಾರೆಸ್ಟ್ ಎವಶೆವ್ಸ್ಕಿ ಎಂಬ ತರಬೇತುದಾರರು ಅದೇ 1952ರಲ್ಲಿ ಅದರ ಹೊಣೆ ಹೊತ್ತಿದ್ದರು. 1953ರಿಂದ 1955ರವರೆಗಿನ ಮೂರು ಋತುಗಳಲ್ಲಿ ಜೋನ್ಸ್ ಆ ತಂಡದ ಬೆನ್ನೆಲುಬಾದ. 1953ರಲ್ಲಿ ಬಂದ ಹೊಸ ನಿಯಮದಿಂದಾಗಿ ಆಟಗಾರರನ್ನು ಮನಬಂದಂತೆ ಬದಲಿಸುವ ಅವಕಾಶ ತಪ್ಪಿತ್ತು. ಹಾಗಾಗಿ ತನ್ನವರನ್ನು ಕಾಯುವ ಸಾಲಿನಲ್ಲೂ ಎದುರಾಳಿಯ ಮೇಲೆ ನುಗ್ಗುವ ಸಾಲಿನಲ್ಲೂ ಒಬ್ಬನೇ ನಿಲ್ಲಬೇಕಾಗಿತ್ತು. ಸುಮಾರು ಆರಡಿ ಎತ್ತರ, 100 ಕಿಲೋ ಆಸುಪಾಸಿನ ತೂಕ. ಇಂದಿನ ಕಾವಲು ಸಾಲಿನವರು 135 ಕಿಲೋ ದಾಟುವುದು ಸಾಮಾನ್ಯವಾಗಿರುವುದರಿಂದ ಅವರ ಪಕ್ಕದಲ್ಲಿ ಜೋನ್ಸ್ ಸಣಕಲನಂತೆ ಕಂಡಾನು. ಆತನ ಬಲ ವೇಗದಲ್ಲಿತ್ತು. ಚೆಂಡು ಹೊತ್ತವನಿಗಿಂತ ಮೊದಲೇ ಓಡಿ ಆತನಿಗೆ ದಾರಿ ತೆರವು ಮಾಡಿಕೊಡುವುದರಲ್ಲಿ ಆತ ನಿಪುಣ.

1953ರ ನವೆಂಬರ್ 21ರಂದು ಐಯೋವಾ ತಂಡ ನೋಟರ್ ಡೇಮ್ ವಿಶ್ವವಿದ್ಯಾಲಯದ ತಂಡವನ್ನು ಎದುರಿಸಿತು. ಕಾದಾಡುವ ಐರಿಷರೆಂಬ ಅಡ್ಡಹೆಸರಿನ ಆ ತಂಡದ ಅಭಿಮಾನಿಗಳು ನಮ್ಮ ಐರ್ಲೆಂಡಿನಲ್ಲೂ ಇದ್ದಾರೆ. ಆ ಪಂದ್ಯದಲ್ಲಿ ಗಡಿಯಾರವನ್ನು ನಿಲ್ಲಿಸಲು ನೋಟರ್ ಡೇಮ್ ಆಟಗಾರರು ಪೆಟ್ಟಾದಂತೆ ನಟಿಸಿ ನೆಲಕ್ಕೆ ಬಿದ್ದರೆಂಬ ಆಪಾದನೆ ದೇಶಾದ್ಯಂತ ಚರ್ಚೆಯಾಯಿತು. ಪಂದ್ಯ 14-14ರ ಸಮದಲ್ಲಿ ಮುಗಿಯಿತು. ದುರ್ಬಲವೆನಿಸಿದ್ದ ತಂಡವೊಂದು ದೇಶದ ಬಲಿಷ್ಠ ತಂಡವನ್ನು ಅಷ್ಟರಮಟ್ಟಿಗೆ ಕಂಗೆಡಿಸಿತ್ತು.

1954ರ ಸೆಪ್ಟೆಂಬರ್ 27ರ ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ವಾರಪತ್ರಿಕೆಯ ಮುಖಪುಟದಲ್ಲಿ ಜೋನ್ಸ್ ಚಿತ್ರ ಬಂದಿತು. ಆ ಪತ್ರಿಕೆಯ ಮುಖಪುಟವೇರಿದ ಮೊದಲ ಕಾಲೇಜು ಫುಟ್‌ಬಾಲ್ ಆಟಗಾರ ಆತನೇ. ಚೆಂಡು ಎಸೆಯುವವನಲ್ಲದ, ಚೆಂಡು ಹಿಡಿಯುವವನೂ ಅಲ್ಲದ ಒಬ್ಬ ಗಾರ್ಡ್‌ಗೆ ಆ ಸ್ಥಾನ ದೊರೆತದ್ದು ಸಣ್ಣ ಮಾತಲ್ಲ. 1955ರಲ್ಲಿ ಆತ ತಂಡದ ನಾಯಕನಾದ. ಅದೇ ವರ್ಷ ದೇಶದ ಅತ್ಯುತ್ತಮ ಒಳಸಾಲಿನ ಆಟಗಾರನಿಗೆ ಸಲ್ಲುವ ಔಟ್‌ಲ್ಯಾಂಡ್ ಟ್ರೋಫಿಯನ್ನು ಪಡೆದ. 1946ರಲ್ಲಿ ಆರಂಭವಾದ ಆ ಪ್ರಶಸ್ತಿಯನ್ನು ಗೆದ್ದ ಮೊದಲ ಕಪ್ಪು ಆಟಗಾರ ಜೋನ್ಸ್.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅತ್ಯುತ್ತಮನೆಂದು ತೀರ್ಮಾನಿಸಿದ್ದು ಯಾವ ಅಳತೆಗೋಲಿನಿಂದ? ಕ್ವಾರ್ಟರ್‌ಬ್ಯಾಕ್ ಎಷ್ಟು ಬಾರಿ ಎಸೆದ, ಎಷ್ಟು ಗುರಿ ಮುಟ್ಟಿತು, ಎಷ್ಟು ಗಜ ದೊರೆಯಿತು ಎಂಬುದಕ್ಕೆ ಲೆಕ್ಕವಿತ್ತು. ಓಡುವವನಿಗೂ ಹಿಡಿಯುವವನಿಗೂ ಲೆಕ್ಕವಿತ್ತು. ಕಾಯುವವನಿಗೆ ಮಾತ್ರ ಯಾವ ಸಂಖ್ಯೆಯೂ ಇರಲಿಲ್ಲ. ತರಬೇತುದಾರರು ಪಂದ್ಯದ ಫಿಲ್ಮನ್ನು ಹಿಂದೆ ಮುಂದೆ ಓಡಿಸಿ ನೋಡುತ್ತಿದ್ದರು. ಪತ್ರಕರ್ತರು ಕಂಡದ್ದನ್ನು ನೆಚ್ಚಿ ಮತ ಹಾಕುತ್ತಿದ್ದರು. ಅಂದರೆ ಜೋನ್ಸ್‌ನ ಹಿರಿಮೆಗೆ ಸಾಕ್ಷಿ ಬಲ್ಲವರ ಕಣ್ಣೇ ಹೊರತು ಕಾಗದದ ಅಂಕಿ ಅಲ್ಲ. ಕ್ರಿಕೆಟ್‌ನಲ್ಲಿ ಹೊಸ ಚೆಂಡಿನ ಹೊಳಪು ಅಳಿಯುವವರೆಗೆ ಆಫ್ ಸ್ಟಂಪಿನಾಚೆಯ ಚೆಂಡುಗಳನ್ನು ತಾಳ್ಮೆಯಿಂದ ಬಿಟ್ಟುಕೊಟ್ಟ ಆರಂಭಿಕ ಆಟಗಾರನ ಹಾಗೆ ಇದೂ. ಆತನ ಖಾತೆಯಲ್ಲಿ 15 ರನ್ ಇರಬಹುದು. ನಂತರ ಬಂದವನ ಶತಕದೊಳಗೆ ಆತನ ಪಾಲೆಷ್ಟು ಎಂದು ಯಾವ ಅಂಕಪಟ್ಟಿ ಹೇಳೀತು?

1956ರಲ್ಲಿ ಅಮೆರಿಕದ ವೃತ್ತಿಪರ ತಂಡವಾದ ಡೆಟ್ರಾಯಿಟ್ ಲಯನ್ಸ್ ಜೋನ್ಸ್‌ನನ್ನು ಆರಿಸಿಕೊಂಡಿತು, ಅದೂ ಒಂಬತ್ತನೆಯ ಸುತ್ತಿನಲ್ಲಿ. ಮೂರು ವರ್ಷವೂ ಅಖಿಲ ಅಮೆರಿಕ ಆಯ್ಕೆಪಟ್ಟಿಗಳಲ್ಲಿ ಕಾಣಿಸಿಕೊಂಡವನಿಗೆ ಅದು ಬಹಳ ತಡವಾಗಿ ಬಂದ ಕರೆ. ಆತ ಆ ಕರೆಯನ್ನು ಬಿಟ್ಟು ಗಡಿ ದಾಟಿ, ಕೆನಡಾದ ವಿನಿಪೆಗ್ ಬ್ಲೂ ಬಾಂಬರ್ಸ್ ತಂಡವನ್ನು ಸೇರಿದ. ಅಂದು ಕೆನಡಾದ ತಂಡಗಳು ಸಂಬಳದಲ್ಲಿ ಅಮೆರಿಕದ ತಂಡಗಳೊಡನೆ ಪೈಪೋಟಿಗೆ ನಿಲ್ಲುತ್ತಿದ್ದವು.

ಹಾಗೆ ಹೋದವರಲ್ಲಿ ಜೋನ್ಸ್ ಮೊದಲಿಗನಲ್ಲ. ಅದೇ ಐಯೋವಾ ರಾಜ್ಯದ ಡ್ರೇಕ್ ವಿಶ್ವವಿದ್ಯಾಲಯದ ಜಾನಿ ಬ್ರೈಟ್ ಎಂಬ ಕಪ್ಪು ಆಟಗಾರನನ್ನು 1951ರ ಅಕ್ಟೋಬರ್ 20ರಂದು ಒಕ್ಲಹೋಮದಲ್ಲಿ ನಡೆದ ಪಂದ್ಯದಲ್ಲಿ, ಆತನ ಕೈಯಲ್ಲಿ ಚೆಂಡಿಲ್ಲದಿರುವಾಗಲೇ ಎದುರಾಳಿಯೊಬ್ಬ ಹೊಡೆದು ದವಡೆ ಮುರಿದಿದ್ದ. ಆ ಘಟನೆಯ ಛಾಯಾಚಿತ್ರಗಳಿಗೆ 1952ರಲ್ಲಿ ಪುಲಿಟ್ಜರ್ ಪ್ರಶಸ್ತಿ ಸಂದಿತು. ಬ್ರೈಟ್ ತನಗೆ ಬಂದಿದ್ದ ಅಮೆರಿಕದ ವೃತ್ತಿ ಅವಕಾಶವನ್ನು ತೊರೆದು ಕೆನಡಾಕ್ಕೆ ಹೋದ. ಅಲ್ಲಿ ಕೀರ್ತಿಯ ಶಿಖರವನ್ನೂ ಕಂಡ. ನಿಯಮಪುಸ್ತಕ ಎಷ್ಟೇ ಇದ್ದರೂ ಆಟಗಾರನನ್ನು ಕಾಯುವವರು ಬೇಕು, ಕಾಯುವ ಸಮಾಜವೂ ಬೇಕು ಎಂಬುದಕ್ಕೆ ಆತನ ಮುರಿದ ದವಡೆಯೇ ಸಾಕ್ಷಿಯಾಯಿತು.

ಕೆನಡಾದ ಆಟ ಜೋನ್ಸ್‌ಗೆ ಪೂರ್ತಿ ಪರಿಚಿತವಾಗಿರಲಿಲ್ಲ. ಮೈದಾನ ಅಗಲ, ಒಂದು ಗಜದ ಅಂತರ, ಒಂದು ಯತ್ನ ಕಡಿಮೆ. ಗೆರೆಯಾಚೆ ಬಹುದೂರ ಹೋಗಿ ಎದುರಾಳಿಯನ್ನು ತಡೆಯುವುದಕ್ಕೂ ಅಂದಿನ ನಿಯಮಗಳಲ್ಲಿ ಮಿತಿಯಿತ್ತು. ತಂಡಗಳು ಎಷ್ಟು ಮಂದಿ ಹೊರದೇಶದವರನ್ನು ಇಟ್ಟುಕೊಳ್ಳಬಹುದೆಂಬುದಕ್ಕೂ ಮಿತಿಯಿತ್ತು. ಹಾಗಾಗಿ ಬಂದವನು ತನ್ನ ಸ್ಥಾನಕ್ಕೆ ತಾನು ತಕ್ಕವನೆಂದು ಪ್ರತಿ ವಾರ ತೋರಿಸಬೇಕಾಗಿತ್ತು. ಪರದೇಶದ ಆಸ್ಪತ್ರೆಗೆ ಬರುವ ನಮ್ಮ ವೈದ್ಯರ ಪಾಡೂ ಇದೇ ಬಗೆಯದು. ಮಾನವನ ಶರೀರ ಎಲ್ಲೆಡೆ ಒಂದೇ, ಕಲಿತ ವಿದ್ಯೆಯೂ ಒಂದೇ. ಗೆರೆ ಎಳೆದಿರುವ ಜಾಗ ಮಾತ್ರ ಬೇರೆ. ಜೋನ್ಸ್ ಒಂದೇ ಋತುವಿನಲ್ಲಿ ಹೊಂದಿಕೊಂಡ. ವರ್ಷದ ಕೊನೆಗೆ ಪಶ್ಚಿಮ ವಲಯದ ತಾರಾ ಆಟಗಾರರ ತಂಡದಲ್ಲಿ ಆತನಿಗೆ ಸ್ಥಾನ ದೊರೆಯಿತು. ಪೂರ್ವ ಮತ್ತು ಪಶ್ಚಿಮ ವಲಯಗಳ ಆ ಪಂದ್ಯ 1956ರ ಡಿಸೆಂಬರ್ 8ರಂದು ವ್ಯಾಂಕೂವರ್‌ನಲ್ಲಿ ನಡೆಯಿತು.

ಮರುದಿನ ಸಂಜೆ, ಟ್ರಾನ್ಸ್-ಕೆನಡಾ ಏರ್‌ಲೈನ್ಸ್ ಸಂಸ್ಥೆಯ 810ನೆಯ ಸಂಖ್ಯೆಯ ವಿಮಾನ ವ್ಯಾಂಕೂವರ್‌ನಿಂದ ಪೂರ್ವಕ್ಕೆ ಹೊರಟಿತು. ಅದರಲ್ಲಿದ್ದವರು 62 ಮಂದಿ. ಜೋನ್ಸ್ ಅವರಲ್ಲಿ ಒಬ್ಬ. ಸಸ್ಕ್ಯಾಚೆವನ್ ರಫ್‌ರೈಡರ್ಸ್ ತಂಡದ ಮೆಲ್ ಬೆಕೆಟ್, ಮಾರಿಯೊ ಡಿಮಾರ್ಕೊ, ಗಾರ್ಡನ್ ಸ್ಟರ್ಟ್‌ರಿಜ್ ಮತ್ತು ರೇ ಸಿರ್ನಿಕ್ ಎಂಬ ಇನ್ನೂ ನಾಲ್ವರು ಆಟಗಾರರು ಜೊತೆಗಿದ್ದರು. ಹವಾಮಾನ ಕೆಟ್ಟಿತ್ತು. ಒಂದು ಎಂಜಿನ್‌ಗೆ ಬೆಂಕಿಯ ಸೂಚನೆ ಬಂದುದರಿಂದ ಅದನ್ನು ನಿಲ್ಲಿಸಿ, ಚಾಲಕರು ವಿಮಾನವನ್ನು ವ್ಯಾಂಕೂವರ್‌ಗೆ ಹಿಂದಿರುಗಿಸಲು ಯತ್ನಿಸಿದರು. ವಿಮಾನ ಮರಳಿ ಬರಲಿಲ್ಲ. ತಿಂಗಳುಗಟ್ಟಲೆ ಸುಳಿವೇ ಸಿಗಲಿಲ್ಲ. 1957ರ ಮೇ ತಿಂಗಳಲ್ಲಿ ಪರ್ವತಾರೋಹಿಗಳು ಚಿಲಿವ್ಯಾಕ್ ಸಮೀಪದ ಸ್ಲೆಸ್ ಪರ್ವತದಲ್ಲಿ ಅವಶೇಷಗಳನ್ನು ಕಂಡರು. ಆ ಕಡಿದಾದ ಬಂಡೆಗಳಿಂದ ಮೃತದೇಹಗಳನ್ನು ಇಳಿಸಿ ತರುವುದು ಸಾಧ್ಯವಾಗಲಿಲ್ಲ. ಪರ್ವತವೇ ಅವರೆಲ್ಲರ ಸಮಾಧಿಯಾಯಿತು.

ಐಯೋವಾ ತಂಡ ಆ ವರ್ಷ, ಜೋನ್ಸ್ ಮೊದಲಾದವರು ಹಾಕಿದ ಅಡಿಪಾಯದ ಮೇಲೆ, ಕ್ಯಾಲಿಫೋರ್ನಿಯಾದ ಪ್ರತಿಷ್ಠಿತ ರೋಸ್ ಬೌಲ್ ಪಂದ್ಯಕ್ಕೆ ಮೊದಲ ಬಾರಿಗೆ ಅರ್ಹತೆ ಪಡೆದಿತ್ತು. 1957ರ ಜನವರಿ 1ರಂದು ಅದು ಒರೆಗಾನ್ ಸ್ಟೇಟ್ ತಂಡವನ್ನು 35-19ರಿಂದ ಮಣಿಸಿತು. ತಂಡದವರು ಗೆಲುವನ್ನು ಜೋನ್ಸ್‌ಗೆ ಅರ್ಪಿಸಿದರು. ಪಂದ್ಯದ ಚೆಂಡನ್ನು ಆತನ ತಾಯಿಗೆ ಕಳುಹಿಸಿಕೊಟ್ಟರು. ಮುಂದೆ ವಿಶ್ವವಿದ್ಯಾಲಯವು ಆತ ತೊಡುತ್ತಿದ್ದ 62ನೆಯ ಸಂಖ್ಯೆಯ ಅಂಗಿಯನ್ನು ಬೇರೆ ಯಾರಿಗೂ ಕೊಡದೆ ಗೌರವದಿಂದ ತೆಗೆದಿರಿಸಿತು. 1980ರಲ್ಲಿ ಕಾಲೇಜು ಫುಟ್‌ಬಾಲ್‌ನ ಕೀರ್ತಿಭವನಕ್ಕೆ ಆತನ ಹೆಸರು ಸೇರಿತು.

ಕೆನಡಾ ಆ ದುರಂತವನ್ನು ಬೇರೊಂದು ಬಗೆಯಲ್ಲಿ ನೆನಪಿಟ್ಟುಕೊಂಡಿದೆ. ಡಿಮಾರ್ಕೊ ಮತ್ತು ಬೆಕೆಟ್ ಅವರ ಹೆಸರಿನ ಸ್ಮಾರಕ ಟ್ರೋಫಿಯನ್ನು 1957ರಿಂದ ಪಶ್ಚಿಮ ವಲಯದ ಅತ್ಯುತ್ತಮ ಸಾಲಿನ ಆಟಗಾರನಿಗೆ ನೀಡತೊಡಗಿದರು. 1974ರಲ್ಲಿ ಕೆನಡಾದ ಲೀಗ್ ಕಾವಲು ಸಾಲಿನವರಿಗೆಂದೇ ಪ್ರತ್ಯೇಕ ವಾರ್ಷಿಕ ಪ್ರಶಸ್ತಿಯನ್ನು ಸ್ಥಾಪಿಸಿದ ಮೇಲೆ, ಆ ಟ್ರೋಫಿ ಪಶ್ಚಿಮದ ಅತ್ಯುತ್ತಮ ಕಾವಲುಗಾರನದಾಯಿತು. ಸಂಖ್ಯೆಯಿಲ್ಲದ ದುಡಿಮೆಗೆ ಹೀಗೆ ಒಂದು ಹೆಸರಾದರೂ ದೊರೆಯಿತು.

ಸಂಖ್ಯೆಗಳೂ ನಿಧಾನವಾಗಿ ಬಂದವು. ಎಸೆಯುವ ಮುನ್ನವೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದಕ್ಕೆ ಸ್ಯಾಕ್ ಎನ್ನುತ್ತಾರೆ. 1980ರ ದಶಕದ ಆರಂಭದಲ್ಲಿ ಕೆಡವಿದ ಆಟಗಾರನ ಹೆಸರಿಗೆ ಅದನ್ನು ಅಧಿಕೃತವಾಗಿ ಬರೆದಿಡತೊಡಗಿದರು. ಕಾವಲು ಸಾಲಿಗೆ ಅದೇ ಅಳತೆಗೋಲಾಯಿತು: ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಆದರೆ ಬರಿಯ ಎಣಿಕೆ ಮೋಸ ಮಾಡುತ್ತದೆ. ಒಂದು ತಂಡ 38 ಬಾರಿ ಎಸೆದು 2 ಬಾರಿ ಕೆಡವಿಸಿಕೊಂಡರೆ 40ರಲ್ಲಿ 2, ಅಂದರೆ ಶೇಕಡ 5. ಇನ್ನೊಂದು ತಂಡ 18 ಬಾರಿ ಎಸೆದು 2 ಬಾರಿ ಕೆಡವಿಸಿಕೊಂಡರೆ 20ರಲ್ಲಿ 2, ಶೇಕಡ 10. ಎಣಿಕೆ ಒಂದೇ, ಕಾವಲಿನ ಗುಣದಲ್ಲಿ ದುಪ್ಪಟ್ಟು ಅಂತರ. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಹಾಕಿದ ನಳಿಕೆಯಿಂದ ತಗಲುವ ಸೋಂಕನ್ನು ನಾವು ಬರಿಯ ಎಣಿಕೆಯಿಂದ ಅಳೆಯದೆ, 1000 ನಳಿಕೆ-ದಿನಗಳಿಗೆ ಎಷ್ಟು ಎಂದು ಲೆಕ್ಕಹಾಕುವುದೂ ಇದೇ ಕಾರಣಕ್ಕೆ. ಛೇದವಿಲ್ಲದ ಅಂಶಕ್ಕೆ ಅರ್ಥವಿಲ್ಲ.

ಛೇದವನ್ನು ಸರಿಪಡಿಸಿದ ಮೇಲೂ ಇನ್ನೊಂದು ತೊಡಕು ಉಳಿಯುತ್ತದೆ. ಐವರೂ ಚೆನ್ನಾಗಿ ತಡೆದಿದ್ದರೂ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಹಿಡಿದುಕೊಂಡೇ ನಿಂತರೆ ಕೊನೆಗೆ ಬೀಳಲೇಬೇಕು. ಕಳಂಕ ಕಾವಲು ಸಾಲಿಗೆ. ಇನ್ನೊಬ್ಬ ಚುರುಕಾಗಿ ಎಸೆದುಬಿಟ್ಟರೆ ದುರ್ಬಲ ಸಾಲೂ ಬಲಿಷ್ಠವೆನಿಸುತ್ತದೆ. ನುಗ್ಗಿ ಬಂದವರು ನಾಲ್ವರೋ ಆರು ಮಂದಿಯೋ ಎಂಬುದೂ ಮುಖ್ಯ. ಅದಕ್ಕಾಗಿ ವಿಶ್ಲೇಷಕರು ಈಗ ಚೆಂಡು ಹೊರಟಲ್ಲಿಂದ ಎಸೆತದವರೆಗಿನ ಸೆಕೆಂಡುಗಳನ್ನು ಅಳೆಯುತ್ತಾರೆ. ಕೆಡವದಿದ್ದರೂ ಎಸೆಯುವವನನ್ನು ಅವಸರಪಡಿಸಿದ ಪ್ರಸಂಗಗಳನ್ನು ಎಣಿಸುತ್ತಾರೆ. ವಿಡಿಯೊ ನೋಡಿ ಐವರಲ್ಲಿ ಒಬ್ಬೊಬ್ಬರಿಗೂ ಪ್ರತಿ ಯತ್ನಕ್ಕೆ ಅಂಕ ಕೊಡುತ್ತಾರೆ. ಸೋಜಿಗವೆಂದರೆ, ಇಷ್ಟೆಲ್ಲ ಆದ ಮೇಲೂ ಕೊನೆಯ ತೀರ್ಪು ಬಲ್ಲವರ ಕಣ್ಣಿಗೇ ಬಂದು ನಿಲ್ಲುತ್ತದೆ. ಜೋನ್ಸ್‌ನನ್ನು ಅಳೆದದ್ದೂ ಅದೇ ಕಣ್ಣು.

ನನ್ನ ವೃತ್ತಿಯಲ್ಲಿಯೂ ಶ್ರೇಷ್ಠವಾದ ಕೆಲಸದ ಬಹುಪಾಲು ಏನೂ ಆಗದಿರುವಂತೆ ನೋಡಿಕೊಳ್ಳುವುದೇ ಆಗಿದೆ. ಶಸ್ತ್ರಚಿಕಿತ್ಸೆಯ ಹೊತ್ತಿಗೆ ಅರಿವಳಿಕೆ ತಜ್ಞರ ಹೆಸರು ಕೇಳುವ ಬಂಧುಗಳು ವಿರಳ. ಲಸಿಕೆಯಿಂದ ಬಾರದೆ ಹೋದ ರೋಗಕ್ಕಾಗಿ ಯಾರೂ ಕೃತಜ್ಞತೆ ಹೇಳುವುದಿಲ್ಲ. ರಾತ್ರಿಪಾಳಿಯ ದಾದಿಯೊಬ್ಬಳು ಉಸಿರಿನ ಏರುಪೇರನ್ನು ಗಮನಿಸಿ ಸಕಾಲದಲ್ಲಿ ಕರೆದುದರಿಂದ ತಪ್ಪಿದ ಅನಾಹುತ ಯಾವ ವರದಿಯಲ್ಲೂ ಸಾಧನೆಯಾಗಿ ಕಾಣುವುದಿಲ್ಲ. ಪರದೇಶಕ್ಕೆ ಹೊರಡಲು ಸಿದ್ಧರಾಗಿರುವ ತರುಣ ತರುಣಿಯರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಹೊಸ ನಾಡಿನ ಮೊದಲ ವರ್ಷಗಳಲ್ಲಿ ನಿಮಗೆ ದೊರೆಯುವುದು ಬಹುಮಟ್ಟಿಗೆ ಗಾರ್ಡ್‌ನ ಜಾಗ. ಅಲ್ಲಿ ನಿಮ್ಮ ಕೆಲಸವನ್ನು ಬಲ್ಲ ಒಬ್ಬಿಬ್ಬರು ಹಿರಿಯರ ಕಣ್ಣಿಗೆ ಬೀಳುವಂತೆ ದುಡಿಯಿರಿ. ಮಾಡಿದ್ದನ್ನು ದಿನಾಂಕ ಸಹಿತ ಬರೆದಿಡಿ. ಬರಿಯ ಎಣಿಕೆಯನ್ನು ನಿಮ್ಮ ಮುಂದಿಟ್ಟು ಪ್ರಶ್ನಿಸಿದವರಿಗೆ ಛೇದ ಯಾವುದೆಂದು ವಿನಯದಿಂದ ಕೇಳಿ.

ಊರಿನಲ್ಲಿರುವ ಬಂಧುಗಳಿಗೂ ಈ ಕಥೆಯಲ್ಲಿ ಪಾಲಿದೆ. ಹೊರಗೆ ಹೋದ ಮಗನ ಅಥವಾ ಮಗಳ ಹೆಸರು ಎಲ್ಲರ ಬಾಯಲ್ಲಿ ಇರುತ್ತದೆ. ತಂದೆತಾಯಿಯ ಔಷಧಿ ನೋಡಿಕೊಂಡು, ಬ್ಯಾಂಕಿಗೂ ಆಸ್ಪತ್ರೆಗೂ ಅಲೆದು, ಹಿರಿಯರಿಗೆ ಏನೂ ಆಗದಂತೆ ಮನೆಯನ್ನು ಕಾದ ತಮ್ಮನೋ ತಂಗಿಯೋ ಯಾವ ಪಟ್ಟಿಯಲ್ಲೂ ಸೇರುವುದಿಲ್ಲ. ಪಂದ್ಯ ಗೆದ್ದ ಐಯೋವಾ ತಂಡದವರು ಚೆಂಡನ್ನು ಸ್ಟೂಬೆನ್‌ವಿಲ್‌ನ ತಾಯಿಗೆ ಕಳುಹಿಸಿದಾಗ, ಆ ದಿನ ಮೈದಾನದಲ್ಲಿ ಇಲ್ಲದವನಿಗೂ ಗೆಲುವಿನಲ್ಲಿ ಪಾಲುಂಟೆಂದು ಒಪ್ಪಿಕೊಂಡಿದ್ದರು. ಜೋನ್ಸ್ ಇಂದಿಗೂ ಸ್ಲೆಸ್ ಪರ್ವತದಲ್ಲೇ ಮಲಗಿದ್ದಾನೆ. 1995ರಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸರ್ಕಾರವು ಆ ಪ್ರದೇಶವನ್ನು ಯಾರೂ ಕದಡದಂತೆ ಸಂರಕ್ಷಿತವೆಂದು ಘೋಷಿಸಿತು. ಬದುಕಿನುದ್ದಕ್ಕೂ ಇತರರನ್ನು ಕಾದವನನ್ನು ಈಗ ಒಂದು ನಾಡಿನ ಕಾನೂನು ಕಾಯುತ್ತಿದೆ.